ಸೊನ್ನೆಗೆ ನಿಲ್ಲದ ದುರ್ಬೀನು

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ನಾಚಾರಂ ಕೈಗಾರಿಕಾ ಪ್ರದೇಶದ ಹೋಟೆಲೊಂದರ ಒಳಕೋಣೆಯಲ್ಲಿ ನಾವು ನಾಲ್ವರು ಕುಳಿತಿದ್ದೆವು. ಹೋಟೆಲು ಒಂದು ಕಾಲಕ್ಕೆ ನನ್ನದೇ. ಈಗ ಅದರ ಗಲ್ಲಾದ ಮುಂದೆ ನನ್ನ ತಮ್ಮನು ಕುಳಿತಿದ್ದಾನೆ. ನಾನು ಪತ್ರಿಕೆಯ ಮೇಜಿಗೆ ಬಂದು ಸೇರಿದ್ದೇನೆ. ಆದರೂ ಭಾನುವಾರದ ಕಾಫಿ ಅಲ್ಲಿಯೇ ಆಗಬೇಕೆಂಬ ಅಭ್ಯಾಸ ಬಿಟ್ಟುಹೋಗಿಲ್ಲ.

ಅಂದು ನನ್ನೊಡನೆ ಇದ್ದವರಲ್ಲಿ ಒಬ್ಬರು ಕೊಡಗಿನ ಕಡೆಯ ನಿವೃತ್ತ ಹವಾಲ್ದಾರರು. ಸೈನ್ಯದಿಂದ ಬಂದ ಮೇಲೆ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಕಾವಲಿನ ಮೇಲ್ವಿಚಾರಣೆ ನೋಡಿಕೊಳ್ಳುತ್ತಾರೆ. ಇನ್ನೊಬ್ಬನು ಅವರ ತಂಗಿಯ ಮಗ. ಇಪ್ಪತ್ತಮೂರರ ಹುಡುಗ, ಒಂದು ಕಂಪನಿಯಲ್ಲಿ ಗುಮಾಸ್ತ. ಮೂರನೆಯವರು ಬೀದರ ಜಿಲ್ಲೆಯಿಂದ ಬಂದು ಮೂವತ್ತು ವರುಷಗಳಿಂದ ಇಲ್ಲಿಯ ವರ್ಕ್‌ಶಾಪುಗಳಲ್ಲಿ ದುಡಿದಿರುವ ಫಿಟ್ಟರು.

ಹವಾಲ್ದಾರರ ಮುಖ ಗಂಟಿಕ್ಕಿಕೊಂಡಿತ್ತು. ಕಾಫಿ ಆರುತ್ತಿದ್ದರೂ ಅದರ ಕಡೆಗೆ ಅವರ ಗಮನವಿರಲಿಲ್ಲ.

“ಇವನಿಗೆ ಕೈ ನಿಲ್ಲುವುದಿಲ್ಲ ಸ್ವಾಮಿ. ಆರು ವಾರ ನೋಡಿದೆ. ಬರುವ ತಿಂಗಳ ಪಂದ್ಯಕ್ಕೆ ಇವನ ಹೆಸರು ಕೊಡುವುದು ಬೇಡವೆಂದು ಹೇಳಿಬಿಟ್ಟಿದ್ದೇನೆ,” ಎಂದರು.

ಹುಡುಗನು ತಲೆಯೆತ್ತಲಿಲ್ಲ. “ನೀವು ಹೇಳಿದ ಹಾಗೆ ಆಗಲಿ ಮಾವ,” ಎಂದಷ್ಟೇ ಅಂದನು. ಆ ಮಾತಿನಲ್ಲಿ ಒಪ್ಪಿಗೆಗಿಂತ ನೋವೇ ಹೆಚ್ಚಾಗಿತ್ತು.

ವಿಷಯವೇನೆಂದರೆ, ಹುಡುಗನು ರೈಫಲ್ ಕ್ಲಬ್ಬೊಂದರಲ್ಲಿ ಗುರಿ ಹೊಡೆಯುವುದನ್ನು ಕಲಿಯುತ್ತಿದ್ದನು. ಕೋವಿ ಕ್ಲಬ್ಬಿನದು, ಪಾಯಿಂಟ್ ಟೂ ಟೂ ಎಂದು ಕರೆಯುವ ಸಣ್ಣ ರೈಫಲ್. ಅದರ ಮೇಲೆ ಕೂರಿಸುವ ದುರ್ಬೀನನ್ನು, ಎಂದರೆ ಸ್ಕೋಪನ್ನು, ಎರಡು ತಿಂಗಳ ಸಂಬಳದಲ್ಲಿ ಉಳಿಸಿದ ಹಣದಿಂದ ಅವನೇ ಕೊಂಡಿದ್ದನು. ಪ್ರತಿ ಭಾನುವಾರ ಅದನ್ನು 50 ಮೀಟರು ದೂರಕ್ಕೆ ಸರಿಯಾಗಿ ಹೊಂದಿಸಿ ಬರುವನು. ಮುಂದಿನ ಭಾನುವಾರ ಹೋದರೆ ಗುಂಡು ಬೇರೆಲ್ಲಿಯೋ ಬೀಳುವುದು! ಸಿಪಾಯಿಗಳ ಭಾಷೆಯಲ್ಲಿ ಹೇಳುವುದಾದರೆ, ದುರ್ಬೀನು ‘ಝೀರೋ’ ಹಿಡಿಯುತ್ತಿರಲಿಲ್ಲ.

ಹವಾಲ್ದಾರರು ಕೈಯನ್ನೇ ದೂರಿದುದಕ್ಕೂ ಕಾರಣವುಂಟು. ಅವರ ಊರಿನಲ್ಲಿ ಕೋವಿಯೆಂಬುದು ಪೂಜೆಗೊಳ್ಳುವ ವಸ್ತು. ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಬರುವ ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸಿ, ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ 2029ರವರೆಗೆ ಮುಂದುವರಿಸಿದೆ. ಆ ತೆಂಗಿನಕಾಯಿಗೆ ಗುರಿಯಿಡುವಾಗ ದುರ್ಬೀನಿಲ್ಲ; ನಳಿಗೆಯ ಮೇಲೆಯೇ ಬಿಗಿದ ಉಕ್ಕಿನ ಮೊನೆಯೇ ಗುರಿಯ ಗುರುತು. ಅದು ಸುಲಭವಾಗಿ ಅಲುಗುವಂಥದಲ್ಲ. ಆದುದರಿಂದ ಗುಂಡು ತಪ್ಪಿತೆಂದರೆ ಕೈ ತಪ್ಪಿತೆಂದೇ ಅಲ್ಲಿ ಅರ್ಥ. ಬಾಲ್ಯದಿಂದ ಆ ಪಾಠ ಕಲಿತವರು ದುರ್ಬೀನನ್ನು ಸಂಶಯಿಸುವುದಾದರೂ ಹೇಗೆ?

ಐದು ತೂತುಗಳ ಸಾಕ್ಷಿ

ಫಿಟ್ಟರು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಲೋಟವನ್ನು ಕೆಳಗಿಟ್ಟು, “ಗುರಿ ಹೊಡೆದ ಕಾಗದ ಇಟ್ಟೀಯೇನಪ್ಪಾ, ಇಲ್ಲ ಒಗೆದೀಯೋ?” ಎಂದು ಹುಡುಗನನ್ನು ಕೇಳಿದರು.

ಗುಮಾಸ್ತನಾದುದರಿಂದ ಕಾಗದವನ್ನು ಎಸೆಯುವ ಸ್ವಭಾವ ಅವನದಲ್ಲ. ಚೀಲದಿಂದ ಆರು ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಹರಡಿದನು. ಪ್ರತಿಯೊಂದರ ಮೂಲೆಯಲ್ಲಿಯೂ ತಾರೀಖು ಬರೆದಿತ್ತು. ಒಂದೊಂದರಲ್ಲಿ ಐದೈದು ತೂತು. ಫಿಟ್ಟರು ಒಂದು ರೂಪಾಯಿಯ ನಾಣ್ಯವನ್ನು ಮೊದಲನೆಯ ಹಾಳೆಯ ತೂತುಗಳ ಮೇಲಿಟ್ಟರು, ಐದೂ ಮರೆಯಾದವು. ಎರಡನೆಯದರ ಮೇಲಿಟ್ಟರು, ಅಲ್ಲಿಯೂ ಐದೂ ಮರೆಯಾದವು. ಹೀಗೆ ಆರು ಹಾಳೆಗಳಲ್ಲಿಯೂ ಆಯಿತು. ಆದರೆ ನಾಣ್ಯ ಕುಳಿತ ಸ್ಥಳ ಮಾತ್ರ ಒಂದರಲ್ಲಿ ನಡುಗುರಿಯ ಬಲಕ್ಕೆ, ಇನ್ನೊಂದರಲ್ಲಿ ಎರಡು ಬೆರಳಷ್ಟು ಕೆಳಕ್ಕೆ, ಮತ್ತೊಂದರಲ್ಲಿ ಎಡಮೇಲಕ್ಕೆ ಇದ್ದಿತು.

“ನೋಡ್ರಿ ಹವಾಲ್ದಾರ್ ಸಾಹೇಬ್ರ, ಕೈ ನಡುಗಿದ್ರ ಐದೂ ಚೆಲ್ಲಾಪಿಲ್ಲಿ ಆಗಬೇಕಿತ್ತಲ್ಲರಿ? ಇಲ್ಲಿ ಐದೂ ಅಣ್ಣತಮ್ಮರ ಹಾಂಗ ಕೂಡಿ ಕುಂತಾವ. ಹುಡುಗನ ಕೈ ಛಲೋ ಐತಿ. ಬ್ಯಾರೆ ಏನೋ ಸರದೈತಿ,” ಎಂದರು.

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಹವಾಲ್ದಾರರು ನಾಣ್ಯವನ್ನು ತಾವೇ ಕೈಗೆ ತೆಗೆದುಕೊಂಡು ಆರು ಹಾಳೆಗಳ ಮೇಲೂ ಮತ್ತೊಮ್ಮೆ ಇಟ್ಟುನೋಡಿದರು.

ಈ ವಿದ್ಯೆಯ ಮೊದಲ ಸೂತ್ರವೇ ಇದು. ಒಂದು ಗುಂಡಿನಿಂದ ಏನೂ ತಿಳಿಯದು. ಐದು ಗುಂಡು ಹೊಡೆದು ನೋಡಬೇಕು. ಐದೂ ಹರಡಿ ಬಿದ್ದರೆ ದೋಷವು ಹೊಡೆಯುವವನಲ್ಲಿ, ತೋಟೆಯಲ್ಲಿ ಅಥವಾ ಪ್ರತಿ ಗುಂಡಿಗೂ ಅಲುಗುವ ಯಾವುದೋ ಸಡಿಲ ಭಾಗದಲ್ಲಿ ಇದ್ದೀತು. ಐದೂ ಒಟ್ಟಾಗಿದ್ದು ಇಡಿಯ ಗುಂಪೇ ಸ್ಥಳ ಬಿಟ್ಟಿದ್ದರೆ, ಹಿಂದಿನ ಸಲಕ್ಕೂ ಈ ಸಲಕ್ಕೂ ನಡುವೆ ಏನೋ ಒಂದು ಕದಲಿದೆಯೆಂದು ತಿಳಿಯಬೇಕು.

ಕಾಗದದಷ್ಟು ಸಂದು

ದುರ್ಬೀನಿನ ಒಳಗೆ ಏನಿರುತ್ತದೆಂಬುದನ್ನು ವಾಚಕರು ತಿಳಿದರೆ ಮುಂದಿನ ಮಾತು ಸುಲಭವಾಗುತ್ತದೆ.

ಗುಂಡು ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಭೂಮಿಯ ಕಡೆಗೆ ಇಳಿಯತೊಡಗುತ್ತದೆ. ದುರ್ಬೀನು ನಳಿಗೆಯ ಮೇಲೆ ಕೆಲವು ಸೆಂಟಿಮೀಟರು ಎತ್ತರದಲ್ಲಿ ಕುಳಿತಿರುತ್ತದೆ. ಕಣ್ಣಿನ ನೋಟದ ಗೆರೆಯೂ ಗುಂಡಿನ ದಾರಿಯೂ ಗೊತ್ತಾದ ಒಂದು ದೂರದಲ್ಲಿ ಸಂಧಿಸುವಂತೆ ಹೊಂದಿಸುವುದಕ್ಕೆ ಸೊನ್ನೆ ಕೂರಿಸುವುದೆಂದು ಹೆಸರು. ದುರ್ಬೀನಿನ ಹೊರಕೊಳವೆಯ ಒಳಗೆ ಮಸೂರಗಳನ್ನು ಹೊತ್ತ ಇನ್ನೊಂದು ಸಣ್ಣ ಕೊಳವೆ ಇದೆ. ಮೇಲಿನಿಂದ ಒಂದು ತಿರುಪು, ಪಕ್ಕದಿಂದ ಒಂದು ತಿರುಪು ಅದನ್ನು ಒತ್ತುತ್ತವೆ. ಎದುರುಗಡೆಯಿಂದ ಒಂದು ಸ್ಪ್ರಿಂಗು ಅದನ್ನು ತಿರುಪುಗಳಿಗೆ ಆನಿಸಿ ಹಿಡಿದಿರುತ್ತದೆ. ತಿರುಪನ್ನು ‘ಟಿಕ್’ ಎಂದು ಒಂದು ಹಲ್ಲು ತಿರುಗಿಸಿದರೆ ನೋಟವು ಅತ್ಯಲ್ಪ ಕೋನದಷ್ಟು ಸರಿಯುತ್ತದೆ. ಸಾಮಾನ್ಯವಾಗಿ ಅದು ಒಂದು ಡಿಗ್ರಿಯ ಅರುವತ್ತನೆಯ ಪಾಲಿನಲ್ಲಿ ಕಾಲುಭಾಗ. 50 ಮೀಟರು ದೂರದಲ್ಲಿ ಇದು ಸುಮಾರು 3.6 ಮಿಲಿಮೀಟರು ಆಗುತ್ತದೆ.

ಇನ್ನು ಗುಮಾಸ್ತ ಮಿತ್ರರು ಮೆಚ್ಚುವ ಒಂದು ಲೆಕ್ಕ. ದುರ್ಬೀನನ್ನು ಹಿಡಿದಿರುವ ಎರಡು ಬಳೆಗಳ ನಡುವೆ 10 ಸೆಂಟಿಮೀಟರು ಅಂತರವಿದೆಯೆಂದು ಇಟ್ಟುಕೊಳ್ಳಿ. 50 ಮೀಟರೆಂದರೆ ಅದರ ಐನೂರು ಪಟ್ಟು. ಆದ್ದರಿಂದ ಒಂದು ಬಳೆಯ ಬುಡವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಎಂದರೆ ನಾವು ಬಿಲ್ಲು ಬರೆಯುವ ಕಾಗದದ ದಪ್ಪದಷ್ಟು ಕದಲಿದರೆ, ಗುರಿಯ ಬಳಿ ಗುಂಡು 5 ಸೆಂಟಿಮೀಟರು ದೂರ ಬೀಳುತ್ತದೆ. 100 ಮೀಟರಿನಲ್ಲಿ 10 ಸೆಂಟಿಮೀಟರು! ಹುಡುಗನ ಗುಂಪು ಸರಿದಿದ್ದುದು ಮೂರು ನಾಲ್ಕು ಸೆಂಟಿಮೀಟರು ಮಾತ್ರ. ಅಲ್ಲಿಗೆ, ಅವನ ಮಾನವನ್ನು ಕಳೆದ ಸಂದು ಒಂದು ಹಾಳೆ ಕಾಗದಕ್ಕಿಂತಲೂ ತೆಳ್ಳಗಿನದು.

ಹುಡುಗನು ಮಾಡಿದ ಒಂದು ತಪ್ಪೂ ಇದರಲ್ಲಿ ಸೇರಿಕೊಂಡಿದ್ದಿತು. ಗುಂಡು ಬಲಕ್ಕೆ ಹೋದ ಭಾನುವಾರ ಎಂಟು ಹಲ್ಲು ಎಡಕ್ಕೆ, ಕೆಳಕ್ಕೆ ಹೋದ ಭಾನುವಾರ ಹತ್ತು ಹಲ್ಲು ಮೇಲಕ್ಕೆ ತಿರುಗಿಸುತ್ತಲೇ ಬಂದಿದ್ದನು. ಕಾರಣ ತಿಳಿಯದೆ ಲೆಕ್ಕವನ್ನು ತಿದ್ದಿದರೆ ಪುಸ್ತಕ ಮೇಲ್ನೋಟಕ್ಕೆ ಸರಿಹೊಂದೀತು. ತಪ್ಪು ಮಾತ್ರ ಒಳಗೇ ಉಳಿದಿರುತ್ತದೆ.

ಫಿಟ್ಟರ ಚೀಟಿ

ಫಿಟ್ಟರು ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ಒಂದು ಕ್ರಮವನ್ನು ಬರೆಸಿದರು. ಅದನ್ನು ನನ್ನ ಮಾತಿನಲ್ಲಿ ವಿಸ್ತರಿಸಿ ಕೊಡುತ್ತಿದ್ದೇನೆ. ಎಲ್ಲಕ್ಕೂ ಮೊದಲು, ಕೋವಿಯಲ್ಲಿ ತೋಟೆಯಿಲ್ಲವೆಂಬುದನ್ನು ಕಣ್ಣಾರೆ ನೋಡಿ ದೃಢಪಡಿಸಿಕೊಳ್ಳಬೇಕು. ರಿಪೇರಿಯ ಕೆಲಸವನ್ನು ಅದಕ್ಕೆ ಲೈಸೆನ್ಸುಳ್ಳವರೇ ಮಾಡತಕ್ಕದ್ದು. ಪರೀಕ್ಷೆಯ ಗುಂಡನ್ನು ಅಧಿಕೃತ ರೇಂಜಿನಲ್ಲಿಯೇ ಹೊಡೆಯತಕ್ಕದ್ದು.

ಎರಡನೆಯದಾಗಿ, ಒಂದು ಸಲಕ್ಕೆ ಒಂದೇ ಒಂದನ್ನು ಬದಲಿಸಬೇಕು. ತೋಟೆಯನ್ನೂ ಬದಲಿಸಿ, ತಿರುಪನ್ನೂ ಬಿಗಿದು, ದುರ್ಬೀನನ್ನೂ ತಿರುಗಿಸಿದರೆ, ಗುಣ ಕಂಡರೂ ಯಾವುದರಿಂದ ಬಂದಿತೆಂದು ಹೇಳಲಾಗದು.

ಮೂರನೆಯದಾಗಿ, ಹೊಡೆಯುವವನು. ಕೋವಿಯನ್ನು ಮರಳಿನ ಚೀಲದ ಮೇಲಿಟ್ಟು ಕೈಯ ನಡುಕವನ್ನು ಕಳೆಯಬೇಕು. ಕೋವಿ ಅಲುಗದಂತಿರುವಾಗ ಕಣ್ಣನ್ನು ಮಾತ್ರ ತುಸು ಅತ್ತಿತ್ತ ಸರಿಸಿ ನೋಡಬೇಕು. ಅಡ್ಡಗೆರೆಯು ಗುರಿಯ ಮೇಲೆ ಓಡಾಡಿದಂತೆ ಕಂಡರೆ, ಕೆನ್ನೆಯನ್ನು ದಿನಕ್ಕೊಂದು ಕಡೆ ಆನಿಸಿದಷ್ಟಕ್ಕೇ ಗುಂಡು ಬೇರೆಡೆ ಬೀಳಬಹುದು.

ನಾಲ್ಕನೆಯದಾಗಿ, ತೋಟೆ. ಬೇರೆ ಬೇರೆ ಕಂಪನಿಯ, ಕೆಲವೊಮ್ಮೆ ಒಂದೇ ಕಂಪನಿಯ ಬೇರೆ ಬೇರೆ ತಯಾರಿಕೆಯ ತೋಟೆಗಳು ಬೇರೆ ಬೇರೆ ಕಡೆ ಬೀಳುತ್ತವೆ. ನಮ್ಮಲ್ಲಿ ಕಾಫಿಪುಡಿಯ ಹೊಸ ಡಬ್ಬಿ ಒಡೆದ ದಿನ ಡಿಕಾಕ್ಷನ್ನಿನ ಹದ ಬದಲಾಗುವುದಿಲ್ಲವೇ, ಹಾಗೆ.

ಐದನೆಯದಾಗಿ, ಮರ. ನಳಿಗೆಯನ್ನು ಹೊತ್ತಿರುವ ಮರದ ಭಾಗವು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉಬ್ಬಿದ ಮರವು ನಳಿಗೆಯನ್ನು ಒಂದು ಪಕ್ಕದಿಂದ ಒತ್ತಿದರೂ ಗುರಿ ಕೆಡುತ್ತದೆ. ಆ ಮರಕ್ಕೂ ಕೋವಿಗೂ ಬಿಗಿದ ತಿರುಪುಗಳು ಸಡಿಲವಾಗಿದ್ದರೂ ಹಾಗೆಯೇ. ಕೊಡಗಿನ ಮಳೆಯನ್ನು ಕಂಡ ಹವಾಲ್ದಾರರು ಈ ಮಾತಿಗೆ ತಲೆದೂಗಿದರು.

ಆರನೆಯದಾಗಿ, ದುರ್ಬೀನನ್ನು ಕೂರಿಸಿದ ಬುಡಪಟ್ಟಿ ಮತ್ತು ಬಳೆಗಳು. ತಿರುಪಿನ ಹಲ್ಲುಗಳಲ್ಲಿ ಎಣ್ಣೆ ಇರಬಾರದು. ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಅತಿಯಾಗಿ ಬಿಗಿದರೆ ತೆಳ್ಳನೆಯ ಕೊಳವೆ ಅದುಮಿ ಒಳಗಿನ ಕೊಳವೆಯೂ ಸಿಕ್ಕಿಕೊಳ್ಳುತ್ತದೆ. ಬಳೆಗೂ ಕೊಳವೆಗೂ ಸೇರುವಂತೆ ಬಣ್ಣದಿಂದ ಒಂದು ಸಣ್ಣ ಗೆರೆಯೆಳೆದಿಟ್ಟರೆ, ಮುಂದಿನ ಸಲ ಗೆರೆ ತುಂಡಾಗಿ ಕಂಡಾಗ ಜಾರಿದೆಯೆಂದು ತಾನಾಗಿ ತಿಳಿಯುತ್ತದೆ.

ಕಟ್ಟಕಡೆಗೆ ದುರ್ಬೀನು. ಅದಕ್ಕೆ ‘ಚೌಕದ ಪರೀಕ್ಷೆ’ ಇದೆ. ಗುರಿಯನ್ನು ಒಂದೇ ಬಿಂದುವಿನ ಮೇಲಿಟ್ಟು ಗುಂಡು ಹೊಡೆದು, ಇಪ್ಪತ್ತು ಹಲ್ಲು ಮೇಲಕ್ಕೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಕ್ಕೆ, ಇಪ್ಪತ್ತು ಎಡಕ್ಕೆ ತಿರುಗಿಸುತ್ತ ಪ್ರತಿ ಸಲವೂ ಹೊಡೆಯಬೇಕು. ಕಾಗದದ ಮೇಲೆ ಸರಿಯಾದ ಚೌಕ ಮೂಡಿ, ಕೊನೆಯ ಗುಂಡು ಮೊದಲನೆಯದರ ಬಳಿಗೇ ಬಂದರೆ ದುರ್ಬೀನು ನಿರ್ದೋಷಿ. ಚೌಕ ಸೊಟ್ಟಗಾದರೆ, ಅಥವಾ ಹಿಂದಿರುಗಿ ಬಾರದೆ ಹೋದರೆ, ಒಳಗಿನ ಸ್ಪ್ರಿಂಗು ಸೋತಿರುವ ಸಂಭವವುಂಟು. ಆಗ ಮಾತ್ರ ತಯಾರಕರಿಗೆ ಕಳುಹಿಸಬೇಕು. ಮನೆಯಲ್ಲಿ ಬಿಚ್ಚಿದರೆ ಮಂಜು ಹಿಡಿಯದಂತೆ ತುಂಬಿದ ಒಣ ಅನಿಲವು ಹೊರಟುಹೋಗುತ್ತದೆ.

ಬಿಗಿಯಾಗಿದ್ದ ತಿರುಪು

ಮರುಭಾನುವಾರ ನಾನೂ ಅವರೊಡನೆ ರೇಂಜಿಗೆ ಹೋದೆನು. ಮರಳಿನ ಚೀಲ, ಒಂದೇ ಪೆಟ್ಟಿಗೆಯ ತೋಟೆ, ಮರದ ತಿರುಪು ಇವೆಲ್ಲವೂ ಪರೀಕ್ಷೆಯಲ್ಲಿ ತೇರ್ಗಡೆಯಾದವು. ಆರನೆಯದಕ್ಕೆ ಬಂದಾಗ ಕ್ಲಬ್ಬಿನ ಕೋವಿ ರಿಪೇರಿಯವರು ಬುಡಪಟ್ಟಿಯ ತಿರುಪುಗಳನ್ನು ಒಂದೊಂದಾಗಿ ಪರೀಕ್ಷಿಸಿ, “ಎಲ್ಲಾ ಬಿಗಿಯಾಗಿಯೇ ಇವೆ,” ಎಂದರು.

ಫಿಟ್ಟರು ಕೋವಿಯನ್ನು ಮುಟ್ಟಲಿಲ್ಲ. ಜೇಬಿನಿಂದ ತಮ್ಮ ಫೀಲರ್ ಗೇಜನ್ನು ತೆಗೆದು ಅವರ ಕೈಗಿತ್ತು, ಅದರ ತೆಳ್ಳನೆಯ ಎಸಳನ್ನು ಬುಡಪಟ್ಟಿಯ ಮುಂತುದಿಯ ಕೆಳಗೆ ತೂರಿಸಿ ನೋಡುವಂತೆ ಹೇಳಿದರು. ಬಿಗಿಯಾಗಿದೆಯೆಂದು ಎಲ್ಲರೂ ನಂಬಿದ್ದ ಪಟ್ಟಿಯ ಕೆಳಗೆ ಆ ಎಸಳು ಸಲೀಸಾಗಿ ಒಳಗೆ ಹೋಯಿತು!

ಮುಂದಿನ ತಿರುಪು ಕೂದಲೆಳೆಯಷ್ಟು ಉದ್ದವಾಗಿದ್ದುದೇ ಕಾರಣ. ಅದರ ತುದಿ ರಂಧ್ರದ ತಳವನ್ನು ಮುಟ್ಟಿ ನಿಂತುಬಿಡುತ್ತಿತ್ತು. ಪಾನಾಕ್ಕೆ ಅದು ಬಿಗಿ. ಪಟ್ಟಿಗೆ ಅದರ ಹಿಡಿತವೇ ಇಲ್ಲ. ಕ್ಲಬ್ಬಿನವರು ತಿರುಪಿನ ತುದಿಯನ್ನು ತುಸು ಅರದಿಂದ ಉಜ್ಜಿ, ಹಲ್ಲಿನ ಎಣ್ಣೆ ಒರೆಸಿ, ಮತ್ತೆ ಕೂರಿಸಿದರು. ಹುಡುಗನು ಸೊನ್ನೆ ಕೂರಿಸಿ, ಕೋವಿಯನ್ನು ಪೆಟ್ಟಿಗೆಯಲ್ಲಿಟ್ಟು ಬಂದನು. ಮುಂದಿನ ಎರಡು ಭಾನುವಾರಗಳಲ್ಲಿ ನಾಣ್ಯವು ನಡುಗುರಿಯ ಮೇಲೆಯೇ ಕುಳಿತಿತು. ಖರ್ಚು ಒಂದು ರೂಪಾಯಿಯೂ ಆಗಲಿಲ್ಲ. ದುರ್ಬೀನನ್ನು ಅರ್ಧ ಬೆಲೆಗೆ ಮಾರಿಬಿಡಬೇಕೆಂದು ಹುಡುಗನು ಆಗಲೇ ಗಿರಾಕಿಯನ್ನು ಗೊತ್ತುಮಾಡಿದ್ದನೆಂಬುದು ಆಮೇಲೆ ತಿಳಿದ ಸಂಗತಿ.

ಹವಾಲ್ದಾರರು ಕ್ಷಮೆ ಕೇಳುವ ಪೈಕಿಯಲ್ಲ. ಆದರೆ ಹೊರಡುವಾಗ ಹುಡುಗನ ಚೀಲವನ್ನು ತಾವೇ ಹೆಗಲಿಗೇರಿಸಿಕೊಂಡು ಮುಂದೆ ನಡೆದರು. ಬಸ್ಸು ಹತ್ತುವ ಮುನ್ನ, “ಪಂದ್ಯದ ಕಾಗದಕ್ಕೆ ನಾಳೆ ರುಜು ಹಾಕಿಕೊಡುತ್ತೇನೆ,” ಎಂದರು.

ದುರ್ಬೀನಿಲ್ಲದೆಯೂ ಈ ವಿದ್ಯೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಈ ನಗರದವರೇ ಆದ ಗಗನ್ ನಾರಂಗ್ ಅವರ ದೃಷ್ಟಾಂತವಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಅವರು ಕಂಚಿನ ಪದಕ ಗೆದ್ದರು. ಆ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಸಣ್ಣ ರಂಧ್ರದ ಮೂಲಕ ನೋಡಿ ಹೊಡೆಯಬೇಕು. ಹತ್ತು ಅಂಕದ ಬೊಟ್ಟಿನ ಅಗಲ ಅರ್ಧ ಮಿಲಿಮೀಟರು ಮಾತ್ರ.

ಬಾಗಿದ ಚಕ್ರ

ಅಂದು ರೇಂಜಿನಿಂದ ಮರಳುವಾಗ ನಾವು ಉಪ್ಪಲ್‌ನಲ್ಲಿ ಇಳಿದೆವು. ಸರ್ವೆ ಆಫ್ ಇಂಡಿಯಾದ ತರಬೇತಿ ಸಂಸ್ಥೆ ಇರುವುದು ಅಲ್ಲಿಯೇ. ಅಲ್ಲಿ ಕಲಿಸುವ ಭೂಮಾಪನ ವಿದ್ಯೆಯ ಚರಿತ್ರೆಯಲ್ಲಿಯೂ ಇಂಥದೇ ಒಂದು ಪ್ರಸಂಗವಿದೆ. ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಅಧಿಕಾರಿಯು 1802ರಲ್ಲಿ ಮದರಾಸಿನಿಂದ ದಕ್ಷಿಣ ಭಾರತದ ಅಳತೆಯನ್ನು ಆರಂಭಿಸಿದನು. ಬೆಂಗಳೂರಿನ ಬಳಿಯೂ, 1815ರಲ್ಲಿ ನಮ್ಮ ಫಿಟ್ಟರ ಬೀದರದ ಸಮೀಪದಲ್ಲಿಯೂ ಆಧಾರರೇಖೆಗಳನ್ನು ಅಳೆದನು. ಮುಂದೆ ಹೈದರಾಬಾದನ್ನೇ ತನ್ನ ಕೇಂದ್ರವಾಗಿ ಮಾಡಿಕೊಂಡನು. ಅವನ ಥಿಯೊಡೊಲೈಟ್ ಯಂತ್ರವೂ ದುರ್ಬೀನೇ. ತೂಕ ಸುಮಾರು ಅರ್ಧ ಟನ್ನು, ಅದರ ಅಳತೆಯ ಚಕ್ರದ ವ್ಯಾಸ 36 ಅಂಗುಲ.

1808ರಲ್ಲಿ ತಂಜಾವೂರಿನ ದೇವಾಲಯದ ಮೇಲಕ್ಕೆ ಅದನ್ನು ಹಗ್ಗದಿಂದ ಎತ್ತುತ್ತಿರುವಾಗ ಹಗ್ಗ ಹರಿದು, ಯಂತ್ರವು ಗೋಡೆಗೆ ಅಪ್ಪಳಿಸಿ ಚಕ್ರವು ಬಾಗಿಹೋಯಿತು. ಕಾರ್ಯವೇ ಮುಗಿಯಿತೆಂದು ಇತರರು ಭಾವಿಸುವಂಥ ಅಪಘಾತ. ಲ್ಯಾಂಬ್ಟನ್ನನು ಅದನ್ನು ಎಸೆಯಲಿಲ್ಲ. ಸುಮಾರು ಆರು ವಾರ ಬಾಗಿಲು ಮುಚ್ಚಿಕೊಂಡು ಕುಳಿತು, ಚಕ್ರವನ್ನು ಎಳೆದೆಳೆದು ಮೊದಲಿನ ಆಕಾರಕ್ಕೆ ತಂದನು. ಆ ಯಂತ್ರವೇ ಮುಂದೆಯೂ ಬಹುಕಾಲ ದುಡಿಯಿತು. ಇಂದಿಗೂ ಭೂಮಾಪಕರು ಒಂದೇ ನೋಟವನ್ನು ನಂಬುವುದಿಲ್ಲ. ದುರ್ಬೀನನ್ನು ಹಿಂದುಮುಂದಾಗಿ ತಿರುಗಿಸಿ ಎರಡನೆಯ ಸಲ ನೋಡಿ, ಎರಡರ ಸರಾಸರಿಯನ್ನು ಹಿಡಿಯುತ್ತಾರೆ. ಯಂತ್ರದ ವಕ್ರತೆಯು ಹಾಗೆ ಬಹುಪಾಲು ಕಳೆದುಹೋಗುತ್ತದೆ.

ನನ್ನ ತಕ್ಕಡಿ

ಇಷ್ಟೆಲ್ಲವನ್ನು ಬರೆಯುವುದಕ್ಕೆ ನನ್ನದೇ ಒಂದು ಕಾರಣವಿದೆ. ಅದನ್ನು ಮರೆಮಾಚದೆ ಹೇಳುತ್ತೇನೆ.

ನಾನು ಹೋಟೆಲು ನಡೆಸುತ್ತಿದ್ದಾಗ ಉಗ್ರಾಣಕ್ಕೆ ಊರ ಕಡೆಯ ಹುಡುಗನೊಬ್ಬನನ್ನು ನೇಮಿಸಿದ್ದೆನು. ಸಕ್ಕರೆ, ಬೇಳೆ, ಬೆಲ್ಲ ಮೂಟೆಗಳಲ್ಲಿ ಬರುತ್ತಿದ್ದವು. ಅಡುಗೆಮನೆಗೆ ಮುಳ್ಳಿನ ತಕ್ಕಡಿಯಲ್ಲಿ ತೂಗಿ ಕೊಡುವುದು ಅವನ ಕೆಲಸ. ತಿಂಗಳ ಕೊನೆಗೆ ಲೆಕ್ಕ ನೋಡಿದರೆ ಸಕ್ಕರೆ ಮೂರು ನಾಲ್ಕು ಕಿಲೋ ಕಡಿಮೆ. ಮೂರು ತಿಂಗಳು ಹೀಗೆಯೇ ಆಯಿತು. ನಾನು ಹುಡುಗನ ಪೆಟ್ಟಿಗೆಯನ್ನು ಎಲ್ಲರೆದುರಿಗೆ ತೆಗೆಸಿ ನೋಡಿದೆನು. ಏನೂ ಸಿಗಲಿಲ್ಲ. ಸಿಗದಿದ್ದರೂ ಲೆಕ್ಕ ಕೊಟ್ಟು ಕಳುಹಿಸಿಬಿಟ್ಟೆನು.

ಅವನು ಹೋದ ಮೇಲೂ ಸಕ್ಕರೆ ಕಡಿಮೆಯಾಗುತ್ತಲೇ ಇತ್ತು! ದೀಪಾವಳಿಗೆ ಉಗ್ರಾಣ ತೊಳೆಯುವಾಗ ತಕ್ಕಡಿಯನ್ನು ಕವುಚಿ ನೋಡಿದೆವು. ತಟ್ಟೆಯ ಕೆಳಗಿನ ತೋಳಿಗೆ ಬೆಲ್ಲದ ಪಾಕ ಅಂಟಿ, ಕಲ್ಲಿನಂತೆ ಗಟ್ಟಿಯಾಗಿ, ಚೌಕಟ್ಟಿಗೆ ಉಜ್ಜುತ್ತಿತ್ತು. ತೂಕದ ಒಂದು ಪಾಲನ್ನು ಅದೇ ಹೊತ್ತುಕೊಳ್ಳುತ್ತಿದ್ದುದರಿಂದ ಮುಳ್ಳು ಕಿಲೋವನ್ನು ಮುಟ್ಟಲು ಕಿಲೋಗಿಂತ ಹೆಚ್ಚು ಸಕ್ಕರೆ ಬೀಳಬೇಕಾಗಿತ್ತು. ಸಕ್ಕರೆ ಹುಡುಗನ ಪೆಟ್ಟಿಗೆಗೆ ಹೋಗಿರಲಿಲ್ಲ. ನನ್ನದೇ ಗಿರಾಕಿಗಳ ಕಾಫಿಗೆ ಹೋಗಿತ್ತು. ಖಾಲಿ ತಟ್ಟೆಯ ಮುಳ್ಳು ಕೆಲವು ದಿನ ಸೊನ್ನೆಗೆ ಮರಳುವುದಿಲ್ಲವೆಂದು ಆ ಹುಡುಗನು ನನಗೆ ಒಂದೆರಡು ಸಲ ಹೇಳಿಯೂ ಇದ್ದನು. ನಾನದನ್ನು ನೆಪವೆಂದು ಭಾವಿಸಿದ್ದೆನು.

ಊರಿಗೆ ಕಾಗದ ಬರೆದೆನು. ಅವನ ತಂದೆ ಎರಡು ಸಾಲು ಉತ್ತರ ಬರೆದರು: ಹುಡುಗ ಬೇರೆ ಊರಿಗೆ ಹೋಗಿದ್ದಾನೆ, ಹೈದರಾಬಾದಿನ ಮಾತನ್ನು ಅವನೆದುರಿಗೆ ಎತ್ತುವುದು ಬೇಡವೆಂದು. ಹೊರಟುಹೋದವನು ಮರಳಲಿಲ್ಲ.

ನನ್ನ ವಾಚಕರಲ್ಲಿ ಬಹುಮಂದಿ ಗಲ್ಲಾದ ಮುಂದೆ, ಉಗ್ರಾಣದಲ್ಲಿ, ಲೆಕ್ಕದ ಮೇಜಿನಲ್ಲಿ ದುಡಿಯತಕ್ಕವರು. ಕಡಿಮೆ ಬಿದ್ದ ಹಣಕ್ಕೆ, ತಪ್ಪಿದ ಲೆಕ್ಕಕ್ಕೆ ಮೊದಲು ಹೊಣೆಯಾಗುವವರು ಅವರೇ. ಅಂಥವರಿಗೆ ಹುಡುಗನ ಆರು ಹಾಳೆಗಳನ್ನು ನೆನಪಿಸುತ್ತೇನೆ. ತಾರೀಖು ಹಾಕಿ ಇಟ್ಟ ಕಾಗದವೇ ಅವನ ಪರವಾಗಿ ಸಾಕ್ಷಿ ನುಡಿಯಿತು. ಯಂತ್ರವು ಸೊನ್ನೆಗೆ ನಿಲ್ಲದಿದ್ದರೆ ಅಂದೇ ಬರೆದಿಡಿ, ಯಜಮಾನರಿಗೆ ತೋರಿಸಿ. ಯಜಮಾನರಾದವರು ತಪ್ಪು ಒಂದೇ ಕಡೆ ಗುಂಪಾಗಿದೆಯೋ ಎಲ್ಲೆಡೆ ಚದರಿದೆಯೋ ಎಂಬುದನ್ನು ನೋಡಿ, ಚಿಕ್ಕ ತಿರುಪಿನಿಂದ ಹುಡುಕಲಾರಂಭಿಸಬೇಕು. ಮನುಷ್ಯನ ಮೇಲೆ ಕೈಯಿಡುವುದು ಕಡೆಯ ಮಾತಾಗಲಿ.

ನನ್ನ ತಮ್ಮನು ಈಗ ಪ್ರತಿದಿನ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ತಕ್ಕಡಿಯನ್ನು ಒರೆಸಿ, ಖಾಲಿ ತಟ್ಟೆಯ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡುತ್ತಾನೆ. ಆಮೇಲೆ ಒಂದು ಕಿಲೋ ಬಟ್ಟನ್ನಿಟ್ಟು ಇನ್ನೊಮ್ಮೆ ನೋಡುತ್ತಾನೆ. ಎರಡೂ ಸೇರಿ ಒಂದು ನಿಮಿಷ ಹಿಡಿಯುತ್ತದೆ.